ಧೂಮಕನ ಊಟದ ಮನೆ

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಹೊಂಗಿಂಡಿ ಎಂಬ ರಾಜ್ಯವಿತ್ತು. ಅಲ್ಲಿಂದ ಬೇರೆ ದೇಶಗಳಿಗೆ ಹೋಗಲು ಇದ್ದದ್ದು ಒಂದೇ ಕಣಿವೆಯ ದಾರಿ. ಆ ಕಣಿವೆಯಲ್ಲಿ ಧೂಮಕನೆಂಬ ಮಾಂತ್ರಿಕ ಊಟದ ಮನೆ ಕಟ್ಟಿಕೊಂಡಿದ್ದ. ಹಸಿದು ಒಳಗೆ ಹೋದವರು ಹೊರಗೆ ಬರುತ್ತಿರಲಿಲ್ಲ.

ಉಪ್ಪು ತರಲು ಹೋದ ತಮ್ಮ ಮೈಲಾರನೂ ಬಾರದಿದ್ದಾಗ ಅಕ್ಕ ದ್ಯಾಮವ್ವ ಹೊರಟಳು. ಅವಳಿಗೆ ಕತ್ತಿ ಹಿಡಿಯಲು ಬಾರದು. ಆದರೆ ಊರಿಗೆ ಯಾವ ದೇಶದ ಅಲೆಮಾರಿ ಬಂದರೂ ಅವರ ಒಲೆಯ ಮುಂದೆ ಕೂತು, "ಏನದು? ನನಗೂ ಒಂದು ತುತ್ತು ಕೊಡಿ" ಎನ್ನುವವಳು.

ಧೂಮಕ ಬಾಗಿಲಲ್ಲೇ ನಿಂತಿದ್ದ. ಹಿತ್ತಲಿನ ದೊಡ್ಡಿಯಲ್ಲಿ ಕುರಿಗಳು ಮನುಷ್ಯರ ಹಾಗೆ ಅಳುತ್ತಿದ್ದವು.

"ತಮ್ಮನ್ನ ಕರ್ಕೊಂಡು ಹೋಗೋಕೆ ಬಂದೀನಿ ಅಣ್ಣಾ," ಎಂದಳು.

"ಹಾಗಾದರೆ ಕೂತು ಉಣ್ಣು. ಮೂರು ದೇಶದ ಮೂರು ಅಡುಗೆ. ಮುಖ ಸಿಂಡರಿಸದೆ ಉಂಡು ಎದ್ದರೆ ತಮ್ಮ ನಿನ್ನವನು. ಈ ಮನೆಯಲ್ಲಿ ಎಲೆಯ ಮುಂದೆ ಕೂತು ಮುಖ ಸಿಂಡರಿಸಿದವರು ಕುರಿಯಾಗುತ್ತಾರೆ. ಕುರಿಯಾದವರು ಪಾತ್ರೆಗೆ ಬೀಳುತ್ತಾರೆ."

"ಬಡಿಸು ಅಂದರೆ ಬಡಿಸ್ತೀಯೋ, ಇಲ್ಲಾ ಕೈ ಬಿಗಿ ಮಾಡ್ತೀಯೋ?"

"ಉಣ್ಣಲು ಕೂತವರು ಬಡಿಸೆಂದು ಕೇಳಿದಾಗ ನಾನು ಇಲ್ಲ ಎಂದರೆ ಆ ಕ್ಷಣವೇ ನನ್ನ ಮಂತ್ರ ಸಾಯುತ್ತದೆ," ಎಂದು ಧೂಮಕ ನಕ್ಕ. "ಇನ್ನಷ್ಟು ಬೇಕೆಂದು ಇದುವರೆಗೆ ಯಾರೂ ಕೇಳಿಲ್ಲ ಬಿಡು."

ದ್ಯಾಮವ್ವ ಎಲೆಯ ಮುಂದೆ ಕೂತಳು.

ಮೊದಲು ಬಂದದ್ದು ಕಾಡಿನ ದೇಶದ ಕೆಂಪಿರುವೆ ಚಟ್ನಿ. ಅರೆಯುವ ಕಲ್ಲಿನಿಂದ ತಪ್ಪಿಸಿಕೊಂಡ ಇರುವೆಗಳು ಎಲೆಯ ಮೇಲೆ ಓಡಾಡುತ್ತಿದ್ದವು. ಅವಳು ಬೆರಳಿಂದ ತೆಗೆದು ನೆಕ್ಕಿದಳು.

"ಆಹಾ, ಹುಣಸೆಹಣ್ಣಿನ ಹುಳಿಯೂ ಅಲ್ಲ, ನಿಂಬೆಯ ಹುಳಿಯೂ ಅಲ್ಲ! ಉಪ್ಪು ಮಾತ್ರ ಕಮ್ಮಿ. ಅಂಗೈಗೆ ಹಾಕ್ಕೊಂಡು ರುಚಿ ನೋಡಲಿಲ್ವಾ ಅಣ್ಣಾ?"

"ಥೂ! ನಾನು ಕುಡಿಯೋದು ಗಂಜಿ ಒಂದೇ," ಎಂದ ಧೂಮಕ. ಅವನು ಪಾತ್ರೆಯನ್ನು ತೋಳುದ್ದ ದೂರ ಹಿಡಿದಿದ್ದ.

ಎರಡನೆಯದು ಕಡಲಿನ ದೇಶದ್ದು. ಮಳೆಗಾಲವಿಡೀ ಮರಳಲ್ಲಿ ಹೂತಿಟ್ಟ ಮೀನು. ಅದರ ನಾತಕ್ಕೆ ನೊಣಗಳು ಸತ್ತು ಬಿದ್ದವು. ದ್ಯಾಮವ್ವ ಬಿಸಿ ಅನ್ನಕ್ಕೆ ಕಲಸಿ ಉಂಡಳು. ಕಣ್ಣಲ್ಲಿ ನೀರು ಬಂತು, ಮುಖ ಅರಳಿತು.

"ಮೂಗು ಎದ್ದು ಹೋಗು ಅಂತದೆ, ನಾಲಿಗೆ ಕೂತ್ಕೋ ಅಂತದೆ!"

ಧೂಮಕನ ನಗು ಆರಿತು. ಅವನು ಕತ್ತಿ ಮಸೆದ.

"ಮೂರನೆಯದು ಹಿಮದ ದೇಶದ್ದು. ಬಿಸಿ ರಕ್ತವನ್ನು ಕರುಳಿಗೆ ತುಂಬಿ ಬೇಯಿಸಿದ್ದು. ರಕ್ತ ಈಗಲೇ ಬೇಕು."

ದೊಡ್ಡಿಯಲ್ಲಿ ಒಂದು ಕುರಿ ಪ್ರತಿ ಸೊಪ್ಪನ್ನೂ ಮೂಸಿ ಮೂಸಿ ಬಿಡುತ್ತಿತ್ತು. ಮನೆಯಲ್ಲಿ ಮೊಸರನ್ನ ಬಿಟ್ಟು ಬೇರೇನು ಇಟ್ಟರೂ ಮೈಲಾರ ಹೀಗೇ ತಟ್ಟೆ ಸರಿಸುತ್ತಿದ್ದ. ಅದು ತಮ್ಮನೇ ಎಂದು ದ್ಯಾಮವ್ವನಿಗೆ ಗೊತ್ತಾಯಿತು. ಧೂಮಕ ಅದನ್ನೇ ಕೊಂಬು ಹಿಡಿದು ಎಳೆತಂದು ಕುತ್ತಿಗೆಗೆ ಕತ್ತಿ ಇಟ್ಟ. ಉಂಡರೆ ತಮ್ಮನನ್ನೇ ಉಂಡಂತೆ. ಎದ್ದರೆ ಸೋತಂತೆ.

"ತಡಿ ಅಣ್ಣಾ! ಇನ್ನೂ ಬಡಿಸೋದಿದೆ."

"ಏನು?"

"ನಮ್ಮೂರಲ್ಲಿ ಬಡಿಸಿದವರನ್ನ ಹಸಿದು ನಿಲ್ಲಿಸಿ ಯಾರೂ ಊಟ ಮುಗಿಸಲ್ಲ. ನನ್ನ ಪಕ್ಕ ಇನ್ನೊಂದು ಎಲೆ ಹಾಕು. ಆ ಇರುವೆ ಚಟ್ನಿ ನಿನಗೂ ಬಡಿಸ್ಕೋ. ಕೂತು ಉಣ್ಣು."

ಧೂಮಕನ ಕೈಯಿಂದ ಕತ್ತಿ ಜಾರಿತು. ಇಲ್ಲ ಎಂದರೆ ಮಂತ್ರ ಸಾಯುತ್ತದೆ. ಒಂದು ತುತ್ತು ತಾನೇ, ನುಂಗಿಬಿಡೋಣ ಎಂದುಕೊಂಡು ಎಲೆ ಹಾಕಿದ, ಬಡಿಸಿಕೊಂಡ, ಕೂತ. ಕಣ್ಣು ಮುಚ್ಚಿ ಬಾಯಿಗಿಟ್ಟ. ನಾಲಿಗೆಯ ಮೇಲೆ ಒಂದು ಇರುವೆ ಕಾಲಾಡಿಸಿತು.

ಅವನ ಮುಖವೆಲ್ಲ ಮುದುಡಿಹೋಯಿತು.

ಎಲೆಯ ಮುಂದೆ ಒಂದು ಬೂದು ಬಣ್ಣದ ಮುದಿ ಟಗರು ನಿಂತಿತ್ತು. ಮಂತ್ರ ಹಾಕಿದವನೇ ಕುರಿಯಾದ ಮೇಲೆ ಉಳಿದವರ ಮೇಲೆ ಅವನ ಮಂತ್ರ ನಿಲ್ಲಲಿಲ್ಲ; ದೊಡ್ಡಿಯಲ್ಲಿದ್ದವರೆಲ್ಲ ಮನುಷ್ಯರಾಗಿ ಎದ್ದರು. ಮೈಲಾರ ಅಕ್ಕನ ಕಾಲ ಬಳಿ ಕುಸಿದು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಂಡ. ಬೆಂದು ಹೋದವರು ಮಾತ್ರ ಬರಲಿಲ್ಲ.

"ಇವನನ್ನೇ ಬೇಯಿಸಿ!" ಎಂದು ಗಂಡನನ್ನು ಕಳೆದುಕೊಂಡ ಕಡಲ ದೇಶದ ಹೆಂಗಸು ಕತ್ತಿ ಎತ್ತಿಕೊಂಡಳು.

ದ್ಯಾಮವ್ವ ಅವಳ ಕೈ ಹಿಡಿದಳು. "ಬೇಡ ತಾಯಿ. ಇವನನ್ನ ಬೇಯಿಸಿದರೆ ನಿನ್ನ ಗಂಡನನ್ನ ಬೇಯಿಸಿದ ಕೈಯೂ ನಮ್ಮ ಕೈಯೂ ಒಂದೇ ಆಗ್ತವೆ."

ಹೆಂಗಸು ಕತ್ತಿ ಎಸೆದು ಒಲೆಯ ಮುಂದೆ ಕೂತು ಅತ್ತಳು. ಆಮೇಲೆ ಒಲೆ ಹಚ್ಚಿದಳು. ಅಂದು ಒಬ್ಬೊಬ್ಬರು ತಮ್ಮ ತಮ್ಮ ದೇಶದ್ದು ಬೇಯಿಸಿದರು. ಬಾರದವರಿಗೂ ಎಲೆ ಹಾಕಿದರು. ಅವರ ಹೆಸರು ಗೊತ್ತಿಲ್ಲದ ಕಡೆ ದೇಶದ ಹೆಸರು ಹಿಡಿದು ಕರೆದು, ಮೊದಲ ತುತ್ತು ಅವರಿಗಿಟ್ಟು, ಆಮೇಲೆ ತಾವು ಉಂಡರು.

ಅಂದಿನಿಂದ ಆ ಕಣಿವೆಯಲ್ಲಿ ನಡೆದವರೆಲ್ಲ ಹೊಟ್ಟೆ ತುಂಬಿ ಮನೆ ಸೇರಿದರು. ಕತೆ ಕೇಳಿದ ನೀವೂ ಹಾಗೇ ಸೇರಿ.