ತೋಳು ಮಡಿಸಿದ ಕೋಟು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಗಂಡನ ಲೋಟಕ್ಕೂ ಟೀ ಸೋಸಿದಳು. ಸೋಸಿದ ಮೇಲೆ ಅವನಿಲ್ಲವೆಂದು ನೆನಪಾಯಿತು. ಅದನ್ನು ಅತ್ತೆಯ ಮುಂದಿಟ್ಟಳು.

ಮೊಳೆಯಲ್ಲಿ ಕೋಟು ತೂಗುತ್ತಿತ್ತು. ಅದು ಕೆಳಮನೆಯ ಟೇಲರ್ ತಾತನದು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವಳ ಗಂಡನಿಗೆ ಕೋಟು ಬೇಕಾದದ್ದು ತಮ್ಮನ ಕೇಸಿಗಾಗಿ. ಹದಿನಾರರ ತಮ್ಮ ಗೆಳೆಯರ ಜೊತೆ ಅಂಗಡಿಯೊಂದರ ಬೀಗ ಮುರಿದು ಸಿಕ್ಕಿಬಿದ್ದಿದ್ದ. ಎರಡು ತಿಂಗಳು ರಿಮ್ಯಾಂಡ್ ಹೋಮಿನಲ್ಲಿಟ್ಟು, ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬ ಷರತ್ತಿನ ಮೇಲೆ ಮಕ್ಕಳ ನ್ಯಾಯಾಲಯ ಅವನನ್ನು ಅಣ್ಣನ ಹೊಣೆಗೆ ಬಿಟ್ಟಿತ್ತು. ಪ್ರತಿ ವಿಚಾರಣೆಗೂ ತಾತ ಕೋಟಿನ ತೋಳನ್ನು ಅಣ್ಣನ ಅಳತೆಗೆ ಒಳಮಡಿಸಿ ಕಚ್ಚಾ ಹೊಲಿಗೆ ಹಾಕಿಕೊಡುತ್ತಿದ್ದ, ಮರಳಿ ತಂದಾಗ ಬಿಚ್ಚುತ್ತಿದ್ದ.

ಅಣ್ಣ ತೀರಿಹೋದ ಸಂಜೆ ಹುಡುಗ ಮನೆಗೆ ಬರಲಿಲ್ಲ. ಅಣ್ಣನ ಕೆಲಸದ ಶೆಡ್ಡಿನಲ್ಲಿ ಕೂತಿದ್ದ. ಅವನ ಮೇಲೆ ನಿಗಾ ಇಡುವ ಅಧಿಕಾರಿಗೆ ಫೋನ್ ಮಾಡಿ ತಿಳಿಸಿದವಳು ಹೆತ್ತ ತಾಯಿಯೇ. ಅಂತ್ಯಕ್ರಿಯೆಯ ಹೊತ್ತಿಗೆ ಅವನು ಮತ್ತೆ ಒಳಗಿದ್ದ.

“ಇವತ್ತು ಕೋರ್ಟಿದೆ, ಅತ್ತೆ.”

“ನೀನು ಬಾಯಿ ಬಿಡದೆ ಇದ್ದರೆ ಸಾಕು. ದೊಡ್ಡವನಾಗೋವರೆಗೂ ಅಲ್ಲೇ ಬಿದ್ದಿರಲಿ. ಇವನ ಚಿಂತೇಲೇ ನನ್ನ ಮಗ ಸವೆದುಹೋದ...”

“ಇವನೂ ನಿಮ್ಮ ಮಗನೇ ಅಲ್ವಾ?”

“ಮನೆಗೆ ಮಾರಿಯಾದ್ರೂ ಊರಿಗೆ ಉಪಕಾರಿ ಆಗಿದ್ದಿದ್ರೆ ಸಹಿಸ್ಕೊಳ್ತಿದ್ದೆ. ಇವನು ಎರಡು ಕಡೆಗೂ ಮಾರಿ.”

ನ್ಯಾಯಾಲಯದ ಪುಟ್ಟ ಕೋಣೆಯಲ್ಲೂ ಅತ್ತೆ ಅದನ್ನೇ ಹೇಳಿದರು. ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು.

“ಹಾಗೆ ಇಡೋಕೆ ಬರಲ್ಲಮ್ಮ. ಮೊದಲ ತಪ್ಪಿಗೆ ಹೆಚ್ಚೆಂದರೆ ಆರು ತಿಂಗಳು. ಅದರಲ್ಲಿ ಎರಡು ತಿಂಗಳು ಆಗಲೇ ಕಳೆದಿದ್ದಾನೆ. ಷರತ್ತು ಮುರಿದ ಅಂತ ಮತ್ತೆ ಮೊದಲಿಂದ ಎಣಿಸೋ ಹಾಗಿಲ್ಲ. ಉಳಿದ ನಾಲ್ಕರ ಒಳಗೇ ತೀರ್ಮಾನ ಆಗಬೇಕು. ಹೊರಗೆ ಹೊಣೆ ಹೊರೋರು ಇದ್ದರೆ ಇನ್ನೊಂದು ವಾರ ಒಳಗಿದ್ದರೆ ಸಾಕು. ಯಾರಿದ್ದೀರಿ?”

ಹುಡುಗ ಬಾಗಿಲನ್ನೇ ನೋಡುತ್ತಿದ್ದ. ಅತ್ತೆ ನೆಲ ನೋಡಿದರು.

“ನಾನಿದ್ದೀನಿ. ಅವನ ಅತ್ತಿಗೆ.”

“ನಿಮ್ಮ ದುಃಖ ಇನ್ನೂ ಹಸಿ. ಯೋಚನೆ ಮಾಡಿ ಹೇಳಿ.”

“ಮಾಡಿದ್ದೀನಿ,” ಎಂದಳು. ಮಾಡಿರಲಿಲ್ಲ.

ಒಂದು ವಾರವೆಂದು ಆದೇಶವಾಯಿತು. ಹೊರಗಿನ ಓಣಿಯಲ್ಲಿ ಹುಡುಗನನ್ನು ಕರೆದೊಯ್ಯುತ್ತಿದ್ದ ಕಾವಲಿನವನು ಒಂದು ಗಳಿಗೆ ನಿಂತುಕೊಂಡ.

“ಅಣ್ಣನ ಮುಖ ಹೇಗಿತ್ತು, ಅತ್ತಿಗೆ?”

“ನಿದ್ದೆ ಹತ್ತಿದ ಹಾಗಿತ್ತು.”

ಅತ್ತೆ ಗೋಡೆ ಹಿಡಿದುಕೊಂಡರು. “ಫೋನ್ ಮಾಡಿದ್ದು... ನಾನೇ ಕಣೋ...”

“ಗೊತ್ತಮ್ಮ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ?”

ಮನೆಗೆ ಬಂದವರೇ ಅತ್ತೆ ಅಟ್ಟದ ಮೇಲೆ ಸುತ್ತಿಟ್ಟಿದ್ದ ಅವನ ಹಾಸಿಗೆಯನ್ನು ಇಳಿಸಿ ಬಿಸಿಲಿಗೆ ಹಾಕಿದರು.

ಅವಳು ಕೋಟು ಹಿಡಿದು ಕೆಳಗಿಳಿದಳು. ತಾತ ಅದನ್ನು ಮೇಜಿನ ಮೇಲೆ ಹರಡಿ ಕತ್ತರಿ ಎತ್ತಿಕೊಂಡ. ಕತ್ತರಿ ಹಾಗೇ ನಿಂತಿತು.

“ಕೋಟಿಲ್ಲದೆ ಹೋದ್ರೆ ಜಡ್ಜು ಮಾತೇ ಕೇಳಲ್ಲ ಅಂತಿದ್ದ ನಿನ್ನ ಗಂಡ, ಹುಚ್ಚಪ್ಪ. ನಾನೂ ಹೂಂ ಅಂತಿದ್ದೆ. ಹೊಲಿಗೆ ಹೀಗೇ ಇರಲೇನಮ್ಮ? ಮುಂದಿನ ಸಲಕ್ಕೆ...”

“ಬಿಚ್ಚಿ, ತಾತ. ಮುಂದಿನ ಸಲ ಹೋಗೋಳು ನಾನು.”

ದಾರ ಒಂದೇ ಎಳೆತಕ್ಕೆ ಬಂತು. ತೋಳು ಉದ್ದವಾಗಿ ಇಳಿಬಿದ್ದು ಕೋಟು ಬೇರೆಯವರದಾಯಿತು. ಅವಳು ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಮೆಟ್ಟಿಲು ಹತ್ತಿದಳು.