ಕತ್ತರಿಸಿದ ಕೇಬಲ್

ಅಂಗಳ ಇಳಿಜಾರೆಂದು ಹೆದರಿ ಹಿಂದಿನ ಸಂಜೆ ಹಳೆಯ ಕಾರಿನ ಕೈಬ್ರೇಕ್ ಎಳೆದಿಟ್ಟವಳು ನಾನೇ. ಬೆಳಿಗ್ಗೆ ಮೈನಸ್ ಮೂವತ್ತೆರಡು ಡಿಗ್ರಿ. ಬ್ರೇಕಿನ ಕೇಬಲ್ ಹೆಪ್ಪುಗಟ್ಟಿ ಹಿಂದಿನ ಚಕ್ರಗಳು ಅಲುಗಲಿಲ್ಲ. ಮನೆಯೊಳಗೆ ತಂಗಿ ತೈಮಿ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಆಸ್ಪತ್ರೆ ಅರವತ್ತು ಕಿಲೋಮೀಟರ್ ದೂರ.

"ಚಳಿಗಾಲದಲ್ಲಿ ಕೈಬ್ರೇಕಾ! ಹೆಲ್ಸಿಂಕಿಗೆ ಹೋಗಿ ಕಲಿತದ್ದು ಇದೇನಾ ತಾಯಿ?" ಪಕ್ಕದ ಮನೆಯ ಉರ್ಹೊ ಅಜ್ಜ ಬೈಯುತ್ತಲೇ ಕಾರಿನಡಿ ನುಸುಳಿದರು. ಬಿಸಿನೀರು ಸುರಿದರು, ಸುತ್ತಿಗೆಯಿಂದ ಬಡಿದರು. ಕೇಬಲ್ ಜಗ್ಗಲಿಲ್ಲ.

"ಕತ್ತರಿಸಿಬಿಡಿ ಅಜ್ಜಾ!" ಎಂದು ಕಿರುಚಿದೆ.

ಎರಡೂ ಚಕ್ರಗಳ ಬಳಿ ಕತ್ತರಿಸಿದರು. ತೈಮಿಯನ್ನು ಹತ್ತಿಸಿಕೊಂಡೆ, ಕಾರು ಹೊರಟಿತು.

ದಾರಿಯಲ್ಲಿ ಕೈಬ್ರೇಕಿನ ಹಿಡಿ ತಾನಾಗಿಯೇ ಮೇಲೇಳತೊಡಗಿತು. ತೈಮಿ ನರಳಿದಾಗಲೆಲ್ಲ ಟಿಕ್ ಎಂದು ಹಲ್ಲುಪಟ್ಟಿಯ ಒಂದು ಹಲ್ಲಿನಷ್ಟು ಮೇಲಕ್ಕೆ. ಒತ್ತಿದರೆ ಇಳಿಯಲಿಲ್ಲ. ಮುಟ್ಟಿದರೆ, ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು.

"ಅಕ್ಕಾ, ಯಾಕೇ ನಿಧಾನ ಮಾಡ್ತಿದ್ದೀಯ? ಆಗ್ತಿಲ್ಲ ಕಣೇ!"

ನಾನು ಆಕ್ಸಿಲರೇಟರನ್ನು ಪೂರ್ತಿ ತುಳಿದಿದ್ದೆ.

ಹೇಗೋ ತಲುಪಿದೆವು. ಮಗು ಕ್ಷೇಮವಾಗಿ ಹುಟ್ಟಿತು. ಹೊರಗೆ ಬಂದು ಕಾರಿನಡಿ ಬಗ್ಗಿ ನೋಡಿದೆ. ಕತ್ತರಿಸಿದ ತಂತಿಗಳು ಸಡಿಲವಾಗಿ ನೇತಾಡುತ್ತಿದ್ದವು. ಹಿಂದಿನ ಬ್ರೇಕುಗಳಿಂದ ಇನ್ನೂ ಹೊಗೆ ಏಳುತ್ತಿತ್ತು.

ಯಾರಿಗೂ ಹೇಳುವುದಿಲ್ಲವೆಂದು ಅಲ್ಲೇ ನಿರ್ಧರಿಸಿದೆ. ಮಗುವನ್ನು ಅದೇ ಕಾರಿನಲ್ಲಿ ಮನೆಗೆ ಕರೆದೊಯ್ಯಬೇಕಿತ್ತು.