ಬಣ್ಣದಡಿಯ ಬಾಯ್ಲರ್

"ಈ ಬಾಯ್ಲರಿಗೆ ಕಪ್ಪು ಬಣ್ಣ ಬಳಿದ ಪುಣ್ಯಾತ್ಮರು ಯಾರು?"

ಹೊಸ ಬಾಯ್ಲರ್ ಇನ್‌ಸ್ಪೆಕ್ಟರನ ದನಿ ರೈಲು ಶೆಡ್ಡಿನ ತಗಡಿಗೆ ಬಡಿದು ವಾಪಸ್ ಬಂತು. ಏಣಿಯ ಮೇಲಿದ್ದ ಹುಡುಗಿಯ ಕೈಯಲ್ಲಿ ಬ್ರಷ್ ಇನ್ನೂ ತೊಟ್ಟಿಕ್ಕುತ್ತಿತ್ತು!

"ನಾನೇ ಸಾರ್. ಯಾಕೆ, ಚೆನ್ನಾಗಿಲ್ವಾ?"

"ಮದುಮಗಳ ಹಾಗಿದೆ. ಆದ್ರೆ ಬಿರುಕು ಎಲ್ಲಿದೆ ಅಂತ ನಾನು ಹೇಗೆ ನೋಡಲಿ? ಇದಕ್ಕೆ ಸಹಿ ಹಾಕಲ್ಲ."

ಶನಿವಾರದೊಳಗೆ ಆ ಸಹಿ ಬೀಳದಿದ್ದರೆ, ಮೂವತ್ತು ವರ್ಷದಿಂದ ದುರಸ್ತಿಗೆ ಕಾದು ನಿಂತ ಈ ಉಗಿ ಗೂಡ್ಸ್ ಎಂಜಿನ್ ಗುಜರಿ ಪಾಲು. ಅಪ್ಪ ಇದ್ದಾಗ ಓಡಿಸಿದ ಎಂಜಿನ್. ಅದಕ್ಕಾಗಿಯೇ ಇವಳು ಫಿಟ್ಟರ್ ಆದದ್ದು. ಚಂದ ಕಂಡರೆ ಯಾರ ಮನಸ್ಸಾದರೂ ಕರಗೀತು ಅಂತ ಬಳಿದಿದ್ದಳು...

'ಕಲ್ಲು ಮನುಷ್ಯ!' ಅಂದುಕೊಂಡವಳು ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ಶುಕ್ರವಾರ ತಡೆಯಲಾರದೆ ಬಂದರೆ, ಒಳಗೆ ಕರಕರ ಸದ್ದು. ಅಯ್ಯೋ, ಬಿಚ್ಚೋಕೆ ಶುರು ಮಾಡೇಬಿಟ್ರಾ?

ಓಡಿದಳು. ಇನ್‌ಸ್ಪೆಕ್ಟರ್ ಅಂಗಿಯ ತೋಳು ಮಡಚಿಕೊಂಡು ಬಣ್ಣ ಕೆರೆಯುತ್ತಿದ್ದ! ಬೆರಳಿಗೆಲ್ಲ ಬಟ್ಟೆಯ ಪಟ್ಟಿ.

"ಮೂರು ದಿನದಿಂದ ರಜೆ ಹಾಕಿ ಕೆರೀತಿದ್ದಾನೆ ಕಣೇ," ಶೆಡ್ ನೋಡಿಕೊಳ್ಳುವ ಚಿಕ್ಕಪ್ಪ ಗದರಿದರು. "ಹೇಳೋಣ ಅಂದ್ರೆ ಫೋನ್ ಎತ್ತಿದ್ಯಾ ನೀನು? ಮುಖ ಊದಿಸ್ಕೊಂಡು ಕೂತಿದ್ದೆ!"

ಅವಳು ತುಟಿ ಕಚ್ಚಿ, ಬಣ್ಣ ಕೆರೆಯುವ ಇನ್ನೊಂದು ಉಳಿ ಕೈಗೆತ್ತಿಕೊಂಡಳು.

"ಬೈಯಲ್ವಾ?" ಅವನು ಕೇಳಿದ.

"ಕೈಗೆ ಬಿಡುವು ಸಿಗಲಿ, ಬೈತೀನಿ."

ಸಂಜೆ ಹೊತ್ತಿಗೆ ಬರಿಯ ಕಬ್ಬಿಣ ಕಂಡಿತು. ಅವನು ಸುತ್ತಿಗೆಯಿಂದ ಒಂದೊಂದೇ ಬೋಲ್ಟ್ ತಟ್ಟಿ ಕಿವಿಗೊಟ್ಟ. ಠಣ್... ಠಣ್... ಥಪ್! ಥಪ್!

ಅವಳು ಹತ್ತಿರ ಬಗ್ಗಿದಳು. "ಒಡೆದಿದೆಯಾ?"

"ಎರಡೇ ಬೋಲ್ಟು. ಬದಲಾಯಿಸಬಹುದು. ಬಾಯ್ಲರ್ ಗಟ್ಟಿಯಾಗಿದೆ."

'ದುರಸ್ತಿಗೆ ಯೋಗ್ಯ' ಎಂದು ಬರೆದು ಸಹಿ ಹಾಕಿದ. ಅವಳ ಕಣ್ಣು ತುಂಬಿಬಂತು.

"ಇಷ್ಟೆಲ್ಲಾ ಯಾಕೆ ಮಾಡಿದ್ರಿ ಸಾರ್?"

"ಸಹಿಗೆ ಮುಂಚೆ ಅದನ್ನ ಹೇಳಿದ್ರೆ, ನನ್ನ ಸಹಿ ಮೇಲೆ ನನಗೇ ನಂಬಿಕೆ ಇರ್ತಿರಲಿಲ್ಲ." ಅವನ ದನಿ ತಗ್ಗಿತು. "ಮೂಗಿಗೆಲ್ಲ ಬಣ್ಣ ಮೆತ್ಕೊಂಡು ಏಣಿ ಮೇಲಿದ್ರಲ್ಲ... ಅವತ್ತೇ ಮನಸ್ಸು ಜಾರಿತ್ತು."

ಅವಳ ಕೆನ್ನೆ ಕೆಂಪಾಯಿತು. ಅವನ ಕೈ ಎಳೆದುಕೊಂಡು ಸಡಿಲವಾಗಿದ್ದ ಪಟ್ಟಿ ಕಟ್ಟತೊಡಗಿದಳು.

"ಇಷ್ಟೇನಾ ಉತ್ತರ?"

"ಕಟ್ಟಿ ಆಯ್ತು... ಕೈ ಬಿಟ್ಟಿದ್ದೀನಾ, ನೋಡಿ!"

ಮೂರು ಲೋಟ ಚಹಾ ಹಿಡಿದು ಬಂದ ಚಿಕ್ಕಪ್ಪ ಗಕ್ಕನೆ ನಿಂತರು. ಎರಡನ್ನು ಎಂಜಿನ್ನಿನ ಮೆಟ್ಟಿಲ ಮೇಲಿಟ್ಟು, ತಮ್ಮದನ್ನು ಊದಿಕೊಳ್ಳುತ್ತಾ ಹೊರಗೆ ನಡೆದರು.